ಟೆಲಿ ಗಿಟಾರ್ ಕಿಟ್: ನೆಕ್ ನೋಡಿ ತಗೊಳ್ಳಿ, ಉಳಿದಿದ್ದು ಮನೇಲೇ ಸರಿಹೋಗತ್ತೆ

ಬಿಡಿಭಾಗ ತರಿಸಿ ಮನೇಲೇ ಜೋಡಿಸೋ ಎಲೆಕ್ಟ್ರಿಕ್ ಗಿಟಾರ್ ಕಿಟ್ ತಗೋಬೋದಾ, ದುಡ್ಡು ದಂಡ ಆಗತ್ತಾ ಅಂತ ಮರಗೆಲಸದ ಹುಚ್ಚಿರೋ ಗೆಳೆಯರು ಕೇಳ್ತಾನೇ ಇರ್ತಾರೆ, ಒಬ್ಬೊಬ್ಬರಿಗೂ ಫೋನಲ್ಲಿ ಹೇಳೋ ಬದ್ಲು ಒಂದೇ ಸಲ ಪೂರ್ತಿ ಬರ್ದುಬಿಡ್ತೀನಿ. ಉತ್ತರ ಮೊದ್ಲೇ ಹೇಳ್ತೀನಿ, ತಗೊಳ್ಳಿ, ಕೊಟ್ಟ ದುಡ್ಡಿಗೆ ಮೋಸ ಇಲ್ಲ, ಆದ್ರೆ ನೆಕ್, ಅಂದ್ರೆ ಎಡಗೈಲಿ ಹಿಡಿಯೋ ಉದ್ದನೆ ಕತ್ತು, ಅದನ್ನ ನೋಡಿ ತಗೊಳ್ಳಿ. ಬಾಡಿ ಯಾವ ಮರ, ಪಿಕಪ್ (ತಂತಿಯ ಅದುರುವಿಕೆಯನ್ನ ಕರೆಂಟ್ ಮಾಡೋ ಆಯಸ್ಕಾಂತದ ಸುರುಳಿ) ಯಾವ್ದು, ಹಾರ್ಡ್‌ವೇರ್ ಕ್ರೋಮಾ ಕಪ್ಪಾ ಅನ್ನೋದನ್ನೆಲ್ಲ ಮಾರೋರು ದೊಡ್ಡದಾಗಿ ಬರ್ದಿರ್ತಾರೆ, ನೆಕ್ ಬಗ್ಗೆ ಒಂದು ಸಾಲು ಇದ್ರೆ ಹೆಚ್ಚು. ಗಿಟಾರ್ ಕೈಗೆ ಒಗ್ಗತ್ತೋ ಇಲ್ವೋ ಅನ್ನೋದು ನಿಂತಿರೋದು ಮಾತ್ರ ಆ ಒಂದು ಸಾಲಿನ ಮೇಲೆ.

ಯಾವ ಅಂಗಡಿ, ಯಾವ ಬ್ರ್ಯಾಂಡ್ ಅಂತ ಹೆಸರು ಹಾಕ್ತಿಲ್ಲ, ಒಂದೇ ತರದ ಕಿಟ್ಟನ್ನ ಹತ್ತು ಹೆಸರಲ್ಲಿ ಮಾರ್ತಾರೆ, ನನಗೆ ಬಂದ ಡಬ್ಬಿ ಮೇಲಂತೂ ಹೆಸರೇ ಇರ್ಲಿಲ್ಲ. ಟೆಲಿಕಾಸ್ಟರ್ (ಚಿಕ್ಕದಾಗಿ ಟೆಲಿ) ಮಾದರಿ, ಬಾಸ್‌ವುಡ್ ಬಾಡಿ, ಮೇಪಲ್ ನೆಕ್, ಅದರ ಮೇಲೆ ಬೆರಳೊತ್ತೋ ಕಂದು ಬಣ್ಣದ ಪಟ್ಟಿ ಅಂದ್ರೆ ಫ್ರೆಟ್‌ಬೋರ್ಡ್, ಅದರಲ್ಲಿ ಅಡ್ಡಕ್ಕೆ ಕೂರಿಸಿದ ಲೋಹದ ಪಟ್ಟಿಗಳು ಅಂದ್ರೆ ಫ್ರೆಟ್ 22, ಎರಡು ಸಿಂಗಲ್ ಕಾಯಿಲ್ ಪಿಕಪ್. ಸಾಗಾಟ, ಟ್ಯಾಕ್ಸ್ ಎಲ್ಲ ಸೇರಿ ಹನ್ನೆರಡು ಸಾವಿರ ಚಿಲ್ಲರೆ ಆಯ್ತು. ಅದೇ ದುಡ್ಡಿಗೆ ರೆಡಿಮೇಡ್ ಗಿಟಾರ್ ಸಿಗತ್ತಲ್ಲ ಅಂದ್ರೆ ಹೌದು ಸಿಗತ್ತೆ, ನಾಳೆಯಿಂದ್ಲೇ ನುಡಿಸ್ಬೇಕು ಅನ್ನೋರು ಅದನ್ನೇ ತಗೊಳ್ಳಿ. ಇದು ಉಳಿ, ಅರ, ಉಪ್ಪುಕಾಗದ ಹಿಡಿಯೋದ್ರಲ್ಲಿ ಖುಷಿ ಕಾಣೋರಿಗೆ, ಮತ್ತೆ ಗಿಟಾರ್ ಒಳಗೆ ಏನಿದೆ ಅಂತ ತಿಳ್ಕೊಂಡೇ ತೀರ್ಬೇಕು ಅನ್ನೋರಿಗೆ.

ಮೊದಲ ಕಿಟ್ ಆದ್ರೆ ಟೆಲಿನೇ ತಗೊಳ್ಳಿ, ಬೇರೆ ಆಕಾರಕ್ಕೆ ಹೋಗ್ಬೇಡಿ. ಕಾರಣ ಇದೆ. ಕ್ಯಾಲಿಫೋರ್ನಿಯಾದ ಫುಲರ್ಟನ್‌ನಲ್ಲಿ ಇದನ್ನ ಮಾಡಿದ ಲಿಯೋ ಫೆಂಡರ್ ರೇಡಿಯೋ ರಿಪೇರಿ ಮಾಡ್ತಿದ್ದೋರು, ಅವರಿಗೆ ಗಿಟಾರ್ ನುಡಿಸೋಕೇ ಬರ್ತಿರ್ಲಿಲ್ಲ. ಹಂಗಾಗಿ ಪಿಟೀಲು ಮಾಡೋರ ತರ ಬಾಗಿಸಿ ಅಂಟಿಸೋ ಗೋಜಿಗೆ ಹೋಗದೆ ಹಲಗೆಯಿಂದ ಕೊರೆದ ಗಟ್ಟಿ ಬಾಡಿ, ಅದಕ್ಕೆ ನಾಲ್ಕು ಸ್ಕ್ರೂ ಹಾಕಿ ಕೂರಿಸೋ ನೆಕ್, ಕೆಟ್ಟರೆ ಬಿಚ್ಚಿ ಬೇರೆ ಹಾಕೋದು, ಹಿಂಗೆ ಯೋಚನೆ ಮಾಡಿದ್ರು. 1950ರಲ್ಲಿ ಬ್ರಾಡ್‌ಕಾಸ್ಟರ್ ಅಂತ ಬಿಟ್ರು, ಗ್ರೆಚ್ ಕಂಪನಿ ಆ ಹೆಸರಲ್ಲಿ ನಮ್ಮ ಡ್ರಮ್ ಇದೆ ಅಂತ ತಕರಾರು ತೆಗೆದ್ರು, 1951ರಲ್ಲಿ ಟೆಲಿಕಾಸ್ಟರ್ ಆಯ್ತು. ಕಂಟ್ರೋಲ್ ಎಲ್ಲ ಒಂದು ತಗಡಿನ ಪಟ್ಟಿ ಮೇಲೆ, ಎರಡು ಸ್ಕ್ರೂ ಬಿಚ್ಚಿದ್ರೆ ವೈರಿಂಗ್ ಪೂರ್ತಿ ಕೈಗೆ ಬರತ್ತೆ. ತಲೆ ಭಾಗ ಹಿಂದಕ್ಕೆ ಓರೆ ಇಲ್ಲ, ಬಾಡಿ ಮೇಲೆ ತಂತಿ ಕೂರೋ ಕುದುರೆ ಅಂದ್ರೆ ಬ್ರಿಜ್ ಅಲ್ಲಾಡೋದಲ್ಲ, ಬಾಡಿ ಮೇಲೆ ಉಬ್ಬು ತಗ್ಗಿಲ್ಲದ ಸಪಾಟು. ಮನೆ ವರ್ಕ್‌ಶಾಪ್‌ನಲ್ಲಿ ಸಾಮಾನು ಕಮ್ಮಿ ಇರೋರಿಗೆ ಇದಕ್ಕಿಂತ ಅನುಕೂಲದ ಗಿಟಾರ್ ನನಗೆ ಗೊತ್ತಿಲ್ಲ.

ಡಬ್ಬಿ ತೆಗೆದ ತಕ್ಷಣ ಬಾಡಿ ನೋಡಿದೆ. 45 ಎಂಎಂ ದಪ್ಪ, ಎರಡು ಹಲಗೆ ಜೋಡಿಸಿದ್ದು, ಜೋಡಣೆ ಬಿಗಿಯಾಗಿತ್ತು, ಪಿಕಪ್ ಕುಳಿಗಳು, ನೆಕ್ ಕೂರೋ ಪಾಕೆಟ್ ಎಲ್ಲ ಮೆಷೀನಲ್ಲೇ ತೋಡಿದ್ದು, ಅಂದ್ರೆ ನಮ್ಮ ಹತ್ರ ಮರ ತೋಡೋ ರೂಟರ್ ಮೆಷೀನ್ ಇಲ್ದಿದ್ರೂ ನಡೆಯತ್ತೆ, ಇದು ಕಿಟ್ಟಿನ ದೊಡ್ಡ ಅನುಕೂಲ. ಅಂಚಿನಲ್ಲಿ ಮೆಷೀನ್ ಕಚ್ಚಿದ ಗುರುತು, ಮರ ಅಡ್ಡಕ್ಕೆ ಕೊಯ್ದ ತುದಿ ಕಡೆ ಸುಟ್ಟ ಗೆರೆ ಇದ್ವು, 120ರ ಕಾಗದದಿಂದ ಶುರು ಮಾಡಿ 180, 240, 320 ತನಕ ಹೋದ್ರೆ ಅದೆಲ್ಲ ಮಾಯ. ಬಾಸ್‌ವುಡ್ ಮೆದು ಮರ, ಉಗುರು ಒತ್ತಿದ್ರೆ ಗುರುತು ಬೀಳತ್ತೆ, ಕೆಲಸ ಮಾಡುವಾಗ ಕೆಳಗೆ ಹಳೇ ಕಂಬಳಿ ಹಾಸ್ಕೊಳ್ಳಿ. ತಗ್ಗು ಬಿದ್ರೆ ಒದ್ದೆ ಬಟ್ಟೆ ಇಟ್ಟು ಮೇಲೆ ಇಸ್ತ್ರಿ ಪೆಟ್ಟಿಗೆ ತುದಿ ತಾಗಿಸಿ, ನಾರು ಉಬ್ಬಿ ಮೇಲೆ ಬರತ್ತೆ. ಬಾಡಿ ಬಗ್ಗೆ ಇನ್ನೇನೂ ಹೇಳೋದಿಲ್ಲ.

ಈಗ ನೆಕ್. ಇಲ್ಲಿ ಸ್ವಲ್ಪ ನಿಧಾನ ಓದಿ.

ಕಿಟ್ ನೆಕ್‌ನಲ್ಲಿ ಮೂರು ವಿಷಯ ನೋಡ್ಬೇಕು. ಮರ ತಿರುಚಿದ್ಯಾ, ಟ್ರಸ್ ರಾಡ್ ಕೆಲಸ ಮಾಡತ್ತಾ, ಫ್ರೆಟ್‌ಗಳು ಒಂದೇ ಮಟ್ಟದಲ್ಲಿದ್ಯಾ. ಮೊದಲ ಎರಡು ಕೆಟ್ಟಿದ್ರೆ ವಾಪಸ್ ಕಳ್ಸಿ, ಅದನ್ನ ಮನೇಲಿ ಸರಿ ಮಾಡೋ ತಂಟೆಗೆ ಹೋಗ್ಬೇಡಿ. ಮೂರನೇದು ಕೆಟ್ಟೇ ಇರತ್ತೆ ಅಂತ ಅಂದ್ಕೊಂಡೇ ತಗೊಳ್ಳಿ, ಅದನ್ನ ನಾವು ಸರಿ ಮಾಡ್ಬೋದು, ಮಾಡ್ಲೇಬೇಕು. ತಿರುಚಿರೋದು ನೋಡೋಕೆ ಸುಲಭ ಉಪಾಯ, ಎರಡು ನೇರ ಪಟ್ಟಿ ತಗೊಂಡು ಒಂದು ಮೊದಲ ಫ್ರೆಟ್ ಮೇಲೆ ಇನ್ನೊಂದು ಕೊನೇ ಫ್ರೆಟ್ ಮೇಲೆ ಅಡ್ಡ ಇಟ್ಟು ಒಂದು ತುದಿಯಿಂದ ಕಣ್ಣಿಟ್ಟು ನೋಡೋದು, ಎರಡೂ ಪಟ್ಟಿ ಸಮಾನಾಂತರ ಕಂಡ್ರೆ ನೆಕ್ ನೆಟ್ಟಗಿದೆ. ನಮ್ಮ ಆಚಾರ್ರು ಬಾಗಿಲ ಚೌಕಟ್ಟಿನ ಮರ ಆರಿಸುವಾಗ ಮಾಡೋದೂ ಇದನ್ನೇ. ಟ್ರಸ್ ರಾಡ್ ಅಂದ್ರೆ ನೆಕ್ ಒಳಗಿರೋ ಕಬ್ಬಿಣದ ಸರಳು, ತಂತಿಗಳ ಎಳೆತಕ್ಕೆ ಎದುರು ಎಳೆಯೋದು ಅದರ ಕೆಲಸ. 10ರಿಂದ 46ರ (ಇಂಚಿನ ಸಾವಿರದ ಭಾಗದಲ್ಲಿ ತಂತಿಯ ದಪ್ಪ) ಸೆಟ್ ಹಾಕಿ ಶ್ರುತಿ ಮಾಡಿದ್ರೆ ಆರೂ ತಂತಿ ಸೇರಿ ಸುಮಾರು 47 ಕೆಜಿ ಎಳೆತ ಬೀಳತ್ತೆ, ಒಬ್ಬ ಸಣ್ಣ ಆಳು ಸದಾ ಜೋತಾಡ್ತಿದ್ದ ಹಂಗೆ. ತಂತಿ ಹಾಕೋಕೆ ಮುಂಚೇನೇ ಆಲನ್ ಕೀ ಹಾಕಿ ಕಾಲು ಸುತ್ತು ಆ ಕಡೆ ಈ ಕಡೆ ತಿರುಗ್ಸಿ ನೋಡಿ, ನೆಕ್ ಅಲುಗಿದ್ದು ಸ್ಟೀಲ್ ಸ್ಕೇಲಲ್ಲಿ ಕಾಣ್ಬೇಕು. ನನ್ನ ಕಿಟ್‌ನಲ್ಲಿ ಎರಡೂ ಸರಿ ಇತ್ತು, ಹಾಗಾಗಿ ಮುಂದುವರಿದೆ.

ಫ್ರೆಟ್ ಮಾತ್ರ ಒಂದು ಎತ್ತರ ಒಂದು ತಗ್ಗು, ಪಕ್ಕದ ತುದಿಗಳು ಗರಗಸದ ಹಲ್ಲಿನಂಗೆ ಕೈಗೆ ಚುಚ್ಚೋದು. ತುದಿ ಚುಚ್ಚೋದಕ್ಕೆ ಹವಾಮಾನವೂ ಒಂದು ಕಾರಣ, ಮರ ಒಣಗಿದ್ರೆ ಅಡ್ಡಕ್ಕೆ ಕುಗ್ಗತ್ತೆ, ಉದ್ದಕ್ಕೆ ಕುಗ್ಗೋದು ತೀರಾ ಕಮ್ಮಿ, ಫ್ರೆಟ್‌ನ ಲೋಹ ಕುಗ್ಗೋದೇ ಇಲ್ಲ, ಹಂಗಾಗಿ ಬೋರ್ಡ್ ಒಳಗೆ ಹೋಗಿ ಲೋಹ ಹೊರಗೆ ಉಳಿಯತ್ತೆ. ಶಿವಮೊಗ್ಗದಂಥ ಊರಲ್ಲಿ ಜುಲೈನಲ್ಲಿ ಗಾಳಿ ಪೂರ್ತಿ ತೇವ, ಮಾರ್ಚ್‌ಗೆ ಬಿಸಿಲು ಸುಡತ್ತೆ, ಮರ ವರ್ಷಪೂರ್ತಿ ಉಸಿರಾಡ್ತಾನೇ ಇರತ್ತೆ. ಅದಕ್ಕೆ ಕಿಟ್ ಬಂದ ಮೇಲೆ ನೆಕ್ಕನ್ನ ಡಬ್ಬಿಯಿಂದ ತೆಗೆದು ಮನೆ ಗಾಳಿಗೆ ಕೆಲವು ವಾರ ಬಿಡಿ, ಆಮೇಲೆ ಕೈ ಹಾಕಿ. ಬೇಸಿಗೇಲಿ ತುದಿ ಉಜ್ಜಿದ್ರೆ ಮಳೆಗಾಲಕ್ಕೆ ಏನೂ ತೊಂದ್ರೆ ಇಲ್ಲ, ಮಳೆಗಾಲದಲ್ಲಿ ಉಜ್ಜಿದ್ರೆ ಬೇಸಿಗೇಲಿ ಮತ್ತೆ ಚುಚ್ಚತ್ತೆ.

ಫ್ರೆಟ್ ಕೆಲಸಕ್ಕೆ ಅಂತ ವಿದೇಶದಿಂದ ತರಿಸೋ ಟೂಲ್‌ಗಳ ಬೆಲೆ ನೋಡಿದ್ರೆ ಕಿಟ್‌ಗಿಂತ ಜಾಸ್ತಿ. ಇದರಲ್ಲಿ ಮುಕ್ಕಾಲು ಪಾಲು ಮನೇಲೇ ಮಾಡ್ಕೋಬೋದು, ಈ ಕಿಟ್ ನನಗೆ ಕೊಟ್ಟ ದೊಡ್ಡ ಲಾಭ ಅದೇ, ಈಗ ಆ ಸಾಮಾನುಗಳನ್ನ ಬೇರೆ ಮರಗೆಲಸಕ್ಕೂ ಬಳಸ್ತೀನಿ. ಮಟ್ಟ ಮಾಡೋಕೆ ಬೇಕಾದ ಉದ್ದ ಪಟ್ಟಿಗೆ ಅಲ್ಯುಮಿನಿಯಂ ಕಿಟಕಿ ಮಾಡೋರ ಹತ್ರ ಹೋಗಿ ದಪ್ಪ ಗೋಡೆಯ ಚೌಕ ಪೈಪಿನ ತುಂಡು ಕೇಳಿ, ಅರ್ಧ ಮೀಟರ್ ಸಾಕು. ಅದು ಅಂಗಡಿಯಿಂದ ಬಂದ ಹಂಗೇ ನೆಟ್ಟಗಿರಲ್ಲ, 12 ಎಂಎಂ ಗಾಜಿನ ತುಂಡಿನ ಮೇಲೆ ಉಪ್ಪುಕಾಗದ ಅಂಟಿಸಿ ಅದರ ಮೇಲೆ ಪೈಪನ್ನ ಉಜ್ಜಿ ಸಪಾಟು ಮಾಡ್ಬೇಕು. ಗಾಜೇ ಯಾಕೆ ಅಂದ್ರೆ ಕರಗಿದ ತವರದ ಮೇಲೆ ತೇಲಿಸಿ ಮಾಡೋದ್ರಿಂದ ಅದು ಬಹಳ ಸಮತಟ್ಟು. ಅಡುಗೆಮನೆ ಕಟ್ಟೆಯ ಗ್ರಾನೈಟ್ ತುಂಡು ಊರಲ್ಲೆಲ್ಲ ಪುಕ್ಕಟೆ ಸಿಗತ್ತೆ, ಅದನ್ನೂ ಬಳಸ್ಬೋದು, ಆದ್ರೆ ಪಾಲಿಶ್ ಮಾಡಿದ್ದು ಅಂದ್ಮಾತ್ರಕ್ಕೆ ಸಮ ಇರತ್ತೆ ಅಂತಲ್ಲ, ಸ್ಟೀಲ್ ಸ್ಕೇಲ್ ನಿಲ್ಲಿಸಿ ಹಿಂದೆ ಟಾರ್ಚ್ ಹಿಡಿದು ಬೆಳಕು ನುಸುಳತ್ತಾ ನೋಡಿ.

ಮಟ್ಟ ಮಾಡೋಕೆ ಮುಂಚೆ ನೆಕ್ಕನ್ನ ಟ್ರಸ್ ರಾಡ್‌ನಿಂದ ನೇರ ಮಾಡ್ಕೋಬೇಕು. ಫ್ರೆಟ್ ಮೇಲೆ ಸ್ಕೇಲ್ ಇಟ್ಟರೆ ಫ್ರೆಟ್‌ಗಳೇ ಏರುಪೇರು ಇರೋದ್ರಿಂದ ಬೋರ್ಡ್ ನೇರ ಇದ್ಯಾ ಗೊತ್ತಾಗಲ್ಲ, ಅದಕ್ಕೆ ಫ್ರೆಟ್ ಇರೋ ಜಾಗದಲ್ಲೆಲ್ಲ ಕಚ್ಚು ಹಾಕಿದ ಪಟ್ಟಿ ಬೇಕು. ಇದನ್ನ ಒಂದು ಅಲ್ಯುಮಿನಿಯಂ ಪಟ್ಟಿಯಲ್ಲಿ ಮಾಡ್ಕೊಂಡೆ. ಲೆಕ್ಕ ಸುಲಭ. ಟೆಲಿ ತಂತಿಯ ಉದ್ದ 648 ಎಂಎಂ, ಅದನ್ನ 17.817ರಿಂದ ಭಾಗಿಸಿದ್ರೆ 36.37, ಅದು ನಟ್‌ನಿಂದ (ತಲೆ ಹತ್ರ ತಂತಿ ಕೂರೋ ಕಚ್ಚಿನ ಪಟ್ಟಿ) ಮೊದಲ ಫ್ರೆಟ್‌ಗೆ ದೂರ. ಉಳಿದ ಉದ್ದವನ್ನ ಮತ್ತೆ 17.817ರಿಂದ ಭಾಗಿಸಿ ಕೂಡಿದ್ರೆ ಎರಡನೇದು 70.70, ಹಂಗೇ ಮೂರನೇದು 103.10, ಮಾಡ್ಕೊಂಡು ಹೋದ್ರೆ ಹನ್ನೆರಡನೇದು ಸರಿಯಾಗಿ ಅರ್ಧಕ್ಕೆ 324ಕ್ಕೆ ಬಂದು ನಿಲ್ಲತ್ತೆ. ಈ ಲೆಕ್ಕ ಹಾಕುವಾಗ ನನಗೆ ಆದ ಖುಷಿ ಬೇರೇನೇ, ಹನ್ನೆರಡು ಸ್ವರಸ್ಥಾನ ಅಂತ ಸಂಗೀತದ ಮೇಷ್ಟ್ರು ಹೇಳಿಕೊಟ್ಟಿದ್ದು ಇಲ್ಲಿ ಹ್ಯಾಕ್‌ಸಾ ಬ್ಲೇಡಿಗೆ ಸಿಕ್ತು. ಇನ್ನೊಂದು, ಕಿಟ್ಟಿನ ಫ್ರೆಟ್‌ಗಳು ಸರಿಯಾದ ಜಾಗದಲ್ಲಿದ್ಯಾ ಅಂತ ಪರೀಕ್ಷೆ ಮಾಡೋಕೂ ಇದೇ ಪಟ್ಟಿ ಆಗತ್ತೆ. ನನ್ನದರಲ್ಲಿ ಎಲ್ಲ ಕಚ್ಚಿಗೂ ಸರಿಯಾಗಿ ಕೂತ್ವು, ಫ್ಯಾಕ್ಟರಿಯಲ್ಲಿ ಕೊಯ್ದಿದ್ದು ಕರಾರುವಾಕ್ಕು, ಬಡಿದು ಕೂರಿಸಿದ್ದು ಮಾತ್ರ ಅವಸರದ ಕೆಲಸ.

ಆಮೇಲೆ ಬೋರ್ಡ್‌ಗೆ ಮಾಸ್ಕಿಂಗ್ ಟೇಪ್ ಹಾಕಿ, ಎಲ್ಲ ಫ್ರೆಟ್‌ನ ನೆತ್ತಿಗೆ ಮಾರ್ಕರ್ ಬಳಿದು, ಪೈಪಿಗೆ 320ರ ಕಾಗದ ಅಂಟಿಸಿ ಉದ್ದಕ್ಕೆ ಒತ್ತಡ ಇಲ್ದೆ ಎಳೀಬೇಕು. ಎತ್ತರದ ಫ್ರೆಟ್‌ನ ಶಾಯಿ ಮೊದ್ಲು ಹೋಗತ್ತೆ, ತಗ್ಗಿಂದು ಉಳ್ಕೊಂಡಿರತ್ತೆ, ಕೊನೇ ಫ್ರೆಟ್‌ನ ಶಾಯೀನೂ ಹೋದಾಗ ನಿಲ್ಲಿಸ್ಬೇಕು. ಒಂದೇ ಒಂದು ಫ್ರೆಟ್ ವಿಪರೀತ ಎತ್ತರ ಇದ್ರೆ ಅದಕ್ಕೋಸ್ಕರ ಎಲ್ಲದನ್ನೂ ಸವೆಸ್ಬೇಡಿ, ಮೊದ್ಲು ಅದನ್ನ ಮರದ ಸುತ್ತಿಗೆಯಲ್ಲಿ ಬಡಿದು ನೋಡಿ, ಸುಮಾರು ಸಲ ಅದು ಪೂರ್ತಿ ಕೂತಿರಲ್ಲ ಅಷ್ಟೇ, ಕೂರಿಸಿ ಪಕ್ಕಕ್ಕೆ ಒಂದು ಹನಿ ಫೆವಿಕ್ವಿಕ್ ಬಿಟ್ಟರೆ ನಿಂತ್ಕೊಳ್ಳತ್ತೆ. ಮಟ್ಟ ಆದ ಮೇಲೆ ನೆತ್ತಿ ಚಪ್ಪಟೆ ಆಗಿರತ್ತೆ, ಅದನ್ನ ಮತ್ತೆ ಗುಂಡಗೆ ಮಾಡ್ಬೇಕು, ಇಲ್ಲಾಂದ್ರೆ ತಂತಿ ಝೇಂಕರಿಸತ್ತೆ, ಸ್ವರವೂ ಜರುಗತ್ತೆ. ಗುಂಡಗೆ ಮಾಡೋ ಅರ ಒಂದನ್ನ ಮಾತ್ರ ದುಡ್ಡು ಕೊಟ್ಟು ತಗೊಳ್ಳಿ, ಅದರಲ್ಲಿ ಜಿಪುಣತನ ಬೇಡ. ಸಣ್ಣ ತ್ರಿಕೋನ ಅರದ ಅಂಚುಗಳನ್ನ ಗ್ರೈಂಡ್ ಮಾಡಿ ನಯ ಮಾಡಿಯೂ ನಡೆಸೋರಿದಾರೆ, ತಾಳ್ಮೆ ಇದ್ರೆ ಅದೂ ಆಗತ್ತೆ. ಕೊನೆಗೆ 600, 1000, 2000, ಆಮೇಲೆ ನಾಲ್ಕು ಸೊನ್ನೆ (0000) ನಂಬರಿನ ಸ್ಟೀಲ್ ವುಲ್. ಸ್ಟೀಲ್ ವುಲ್ ಬಳಸುವಾಗ ಪಿಕಪ್ ದೂರ ಇಡಿ, ಕಬ್ಬಿಣದ ಎಳೆಗಳನ್ನ ಅದರ ಆಯಸ್ಕಾಂತ ಎಳ್ಕೊಂಡುಬಿಡತ್ತೆ, ಆಮೇಲೆ ತೆಗೆಯೋದು ದೊಡ್ಡ ಫಜೀತಿ.

ಮುಂದೆ ನೆಕ್ ಪಾಕೆಟ್. ಕಿಟ್‌ನಲ್ಲಿ ಪಾಕೆಟ್ ಅಗಲ ಸರಿ ಇತ್ತು, ಆಳ ಮಾತ್ರ ಸ್ವಲ್ಪ ಹೆಚ್ಚು, ಬ್ರಿಜ್ ಸ್ಯಾಡಲ್ (ಬ್ರಿಜ್ ಮೇಲೆ ತಂತಿ ಕೂರೋ ಲೋಹದ ತುಂಡು) ಪೂರ್ತಿ ಕೆಳಗಿಳಿಸಿದ್ರೂ ತಂತಿ ಬೋರ್ಡಿನಿಂದ ತುಂಬ ಎತ್ತರದಲ್ಲೇ ಇರೋದು. ಇದಕ್ಕೆ ನೆಕ್ ಕೆಳಗೆ ತೆಳು ಬೆಣೆ ಕೊಡ್ಬೇಕು. ಹಳೇ ಕಾಲದಿಂದ ರಟ್ಟಿನ ಚೂರು ಹಾಕೋದು ರೂಢಿ, ಕೆಲಸ ನಡೆಯತ್ತೆ, ಆದ್ರೆ ನನಗೆ ಪಾಕೆಟ್ ತುಂಬ ಮರ ಮರಕ್ಕೆ ಕೂರ್ಬೇಕು ಅನ್ನೋ ಆಸೆ. ಪಾಕೆಟ್ ಉದ್ದ 76 ಎಂಎಂ, ಅರ್ಧ ಡಿಗ್ರಿ ಓರೆ ಬೇಕು ಅಂದ್ರೆ ಬೆಣೆ ಒಂದು ತುದಿ ಸೊನ್ನೆ ಇನ್ನೊಂದು ತುದಿ 0.66 ಎಂಎಂ. ಇಷ್ಟು ತೆಳ್ಳಗೆ ಕೈಯಲ್ಲಿ ಹಿಡಿದು ಕೀಸೋಕಾಗಲ್ಲ, ಅದಕ್ಕೆ ಒಂದು ಸಣ್ಣ ಸಹಾಯಕ ಮಾಡ್ಕೊಂಡೆ: ಪ್ಲೈ ತುಂಡಿನ ಎರಡೂ ಪಕ್ಕಕ್ಕೆ ಗಟ್ಟಿ ಮರದ ರೀಪು, ರೀಪಿನ ಒಂದು ತುದಿ ಆ 0.66ರಷ್ಟು ಎತ್ತರ, ಇನ್ನೊಂದು ತುದಿ ಇಳಿಜಾರಾಗಿ ಸೊನ್ನೆ, ನಡುವೆ ತೆಳು ಮರದ ಪಟ್ಟಿಯನ್ನ ಎರಡು ಬದಿ ಅಂಟೋ ಟೇಪಿನಲ್ಲಿ ಕೂರಿಸಿ ಮೇಲೆ ಉಪ್ಪುಕಾಗದ ಸುತ್ತಿದ ಮರದ ತುಂಡು ಓಡಿಸೋದು, ರೀಪಿಗೆ ತಾಗಿದಾಗ ತಾನಾಗೇ ನಿಲ್ಲತ್ತೆ. ಇದೇ ಸಾಮಾನನ್ನ ಆಮೇಲೆ ಮೇಜಿನ ಡ್ರಾಯರ್ ಕೆಳಗಿನ ಪಟ್ಟಿ, ಅಲುಗಾಡೋ ಕುರ್ಚಿಗೆ ಬೆಣೆ, ಎಲ್ಲದಕ್ಕೂ ಬಳಸಿದೀನಿ.

ತೂತು ಕೊರೆಯೋಕೂ ಹಂಗೇ. ಡ್ರಿಲ್ ಪ್ರೆಸ್ ಇಲ್ಲ, ಕೈ ಡ್ರಿಲ್ಲಲ್ಲಿ ನೆಟ್ಟಗೆ ಕೊರೆಯೋಕೆ ಎರಡು ಇಂಚು ದಪ್ಪದ ಮತ್ತಿ ಮರದ ತುಂಡಿಗೆ ಪಕ್ಕದ ಫ್ಯಾಬ್ರಿಕೇಶನ್ ಅಂಗಡಿಯ ಡ್ರಿಲ್ ಪ್ರೆಸ್‌ನಲ್ಲಿ ಬೇಕಾದ ಅಳತೆಯ ತೂತು ಹಾಕಿಸ್ಕೊಂಡು ಬಂದೆ. ಅದನ್ನ ಕ್ಲಾಂಪ್ ಮಾಡಿ ಅದರೊಳಗಿಂದ ಡ್ರಿಲ್ ಬಿಟ್ಟರೆ ಬಿಟ್ ಆಚೀಚೆ ಹೋಗೋ ಮಾತೇ ಇಲ್ಲ. ಕಿಟ್‌ನಲ್ಲಿ ನೆಕ್ ಸ್ಕ್ರೂಗಳಿಗೆ ನೆಕ್ ಕಡೆ ತೂತು ಹಾಕಿರಲ್ಲ, ಬ್ರಿಜ್‌ಗೂ ಹಾಕಿರಲ್ಲ, ನಾವೇ ಹಾಕ್ಬೇಕು. ಹಾಕೋಕೆ ಮುಂಚೆ ಎರಡು ಕಡೆ ತುದಿ ತಂತಿ ತರ ದಾರ ಕಟ್ಟಿ ನೆಕ್ ಅಂಚಿಂದ ಎರಡೂ ಕಡೆ ಸಮ ದೂರ ಇದ್ಯಾ ನೋಡಿ, 324 ಪ್ಲಸ್ 324 ಬ್ರಿಜ್ ಸ್ಯಾಡಲ್‌ನ ಓಡಾಟದ ಒಳಗೆ ಬೀಳತ್ತಾ ನೋಡಿ, ಆಮೇಲೆ ಬೈರಿಗೆ. ಕಿಟ್ಟಿನ ಸ್ಕ್ರೂಗಳು ಮೆದು ಲೋಹ, ಮೇಪಲ್ ಗಟ್ಟಿ ಮರ, ಮೇಣದ ಬತ್ತಿ ಉಜ್ಜಿ ಹಾಕಿ, ಇಲ್ಲಾಂದ್ರೆ ತಲೆ ಕಿತ್ಕೊಳ್ಳತ್ತೆ. ಸ್ಕ್ರೂಗೆ ನಾನು ಕೊಡೋ ಮಾರ್ಕ್ಸ್ ಸೊನ್ನೆ, ಹಾರ್ಡ್‌ವೇರ್ ಅಂಗಡಿಯಿಂದ ಸ್ಟೇನ್‌ಲೆಸ್ ತಂದು ಎಲ್ಲ ಬದಲಾಯಿಸಿದೆ.

ಪಾಲಿಶ್ ವಿಷಯಕ್ಕೆ ಬಂದ್ರೆ, ಕಿಟ್ ಜೊತೆ ಏನೂ ಬರಲ್ಲ, ಏನೂ ಹಚ್ಚದ ಬರೀ ಮರ ಬರತ್ತೆ. ವಿದೇಶದ ವಿಡಿಯೋಗಳಲ್ಲಿ ಸ್ಪ್ರೇ ಲ್ಯಾಕರ್, ಟ್ರೂ ಆಯಿಲ್ ಅಂತೆಲ್ಲ ತೋರಿಸ್ತಾರೆ, ನಾನು ಹೇಳೋದು ಅರಗಿನ ಪಾಲಿಶ್ ಹಾಕಿ. ಶೆಲ್ಯಾಕ್ ಅಂತ ಜಗತ್ತೆಲ್ಲ ಕೊಂಡಾಡೋದು ನಮ್ಮ ದೇಶದ ಅರಗಿನ ಹುಳ ಮಾಡಿದ್ದು, ಜಾರ್ಖಂಡ್ ಕಡೆ ಬೆಳೆಯೋದು, ನಮ್ಮೂರ ಪೇಂಟ್ ಅಂಗಡಿಯಲ್ಲಿ ಹಾಳೆ ರೂಪದಲ್ಲಿ ಸಿಗತ್ತೆ, ಚನ್ನಪಟ್ಟಣದ ಗೊಂಬೆಗೆ ಹೊಳಪು ಕೊಡೋದೂ ಅರಗೇ. ಸ್ಪಿರಿಟ್‌ನಲ್ಲಿ ರಾತ್ರಿ ನೆನೆಹಾಕಿ, ತೆಳು ಬಟ್ಟೆಯಲ್ಲಿ ಸೋಸಿ, ಹತ್ತಿ ಸುತ್ತಿದ ಬಟ್ಟೆ ಉಂಡೆಯಲ್ಲಿ ತೆಳ್ಳಗೆ ಎಳೆದ್ರೆ ಒಂದು ಪದರ ಕೆಲವೇ ನಿಮಿಷದಲ್ಲಿ ಒಣಗತ್ತೆ. ಗೀರು ಬಿದ್ರೆ ಮತ್ತೆ ಸ್ಪಿರಿಟ್ ಸವರಿದ್ರೆ ಹಳೇ ಪದರ ಹೊಸದರ ಜೊತೆ ಕರಗಿ ಒಂದಾಗತ್ತೆ, ಪಿಯು ಪಾಲಿಶಲ್ಲಿ ಇದು ಸಾಧ್ಯ ಇಲ್ಲ. ಒಂದೇ ಎಚ್ಚರಿಕೆ, ಜಿಟಿಜಿಟಿ ಮಳೆ ದಿನ ಹಚ್ಚೋ ಹಾಗಿಲ್ಲ. ನಮ್ಮ ಆಚಾರ್ರನ್ನ ಕೇಳಿದ್ದಕ್ಕೆ "ಸಾರ್, ಶ್ರಾವಣದಲ್ಲಿ ಕೈ ಹಾಕ್ಬೇಡಿ, ತೇವ ಕುಡಿದು ಬೆಳ್ಳಗೆ ಮಂಜು ಕಟ್ಟತ್ತೆ, ದಸರಾ ಆದ್ಮೇಲೆ ಬಿಸಿಲು ನೋಡಿ ಹಾಕಿ" ಅಂದ್ರು, "ಆಯ್ತು ಆಚಾರ್ರೆ" ಅಂತ ದಸರಾ ತನಕ ಕಾದೆ. ಕಾದಿದ್ದಕ್ಕೆ ಬಂದ ಹೊಳಪು ನೋಡಿ ಅವರೇ ಬೆರಳಾಡಿಸಿ ನೋಡಿದ್ರು. ಬೆವರು ಕೈ ತಾಗೋ ನೆಕ್ ಹಿಂಭಾಗಕ್ಕೆ ಮಾತ್ರ ಅರಗು ಬೇಡ, ಅಲ್ಲಿ ಒಣಗೋ ಎಣ್ಣೆಯ ತೆಳು ಲೇಪ ಸಾಕು, ಕೈ ಜಾರಾಡತ್ತೆ. ಎಣ್ಣೆ ಒರೆಸಿದ ಬಟ್ಟೆ ಮುದ್ದೆ ಮಾಡಿ ಮೂಲೆಗೆ ಎಸೀಬೇಡಿ, ಅಗಸೆ ಎಣ್ಣೆ ಒಣಗುವಾಗ ಬಿಸಿ ಹುಟ್ಟಿ ತಾನಾಗೇ ಬೆಂಕಿ ಹತ್ತತ್ತೆ, ಹರವಿ ಹೊರಗೆ ಒಣಗ್ಸಿ.

ಎಲೆಕ್ಟ್ರಾನಿಕ್ಸ್ ಬಗ್ಗೆ ಹೆಚ್ಚು ಹೇಳಲ್ಲ. ಕಿಟ್ಟಿನ ಪಿಕಪ್ ನಿರೀಕ್ಷೆಗಿಂತ ಚೆನ್ನಾಗಿದೆ, ಬ್ರಿಜ್ ಪಿಕಪ್‌ನಲ್ಲಿ ಟೆಲಿಯ ಆ ಚುರುಕು ದನಿ ಬರತ್ತೆ. ಸ್ವಿಚ್ಚು, ಪಾಟು (ಸದ್ದು, ಟೋನ್ ಹೆಚ್ಚು ಕಮ್ಮಿ ಮಾಡೋ ತಿರುಗಣೆ) ಎರಡೂ ಸಣ್ಣ ಸೈಜಿನ ಅಗ್ಗದ ಮಾಲು, ತಿರುಗಿಸಿದ್ರೆ ಕರಕರ ಅನ್ನತ್ತೆ, ಅವನ್ನ 250ಕೆ ದೊಡ್ಡ ಪಾಟ್‌ಗೆ ಬದಲಾಯಿಸಿ, ಟೋನ್‌ಗೆ 0.047 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿದೆ. ವೈರು, ಕೆಪಾಸಿಟರ್, ಜ್ಯಾಕ್ ಎಲ್ಲ ಬೆಂಗಳೂರಿಗೆ ಹೋದಾಗ ಎಸ್‌ಪಿ ರೋಡಲ್ಲಿ ತಗೊಂಡಿದ್ದು, ಅಲ್ಲಿ ಸಿಗದೇ ಇರೋ ಬಿಡಿಭಾಗ ಕಮ್ಮಿ. ಮುಖ್ಯವಾದ ಮಾತು: ಬ್ರಿಜ್‌ನಿಂದ ಅರ್ತಿಂಗ್ ವೈರ್ ಇದ್ಯಾ ನೋಡಿ. ನನ್ನ ಕಿಟ್‌ನಲ್ಲಿ ವೈರ್ ಕೊಟ್ಟಿದ್ರು, ಅದು ಹೋಗೋಕೆ ತೂತು ಇರ್ಲಿಲ್ಲ, ಬ್ರಿಜ್ ಪಿಕಪ್ ಕುಳಿಯಿಂದ ಬ್ರಿಜ್ ತಟ್ಟೆಯ ಕೆಳಕ್ಕೆ ಓರೆಯಾಗಿ ಒಂದು ಸಣ್ಣ ತೂತು ಕೊರೆದು ಎಳೆದೆ. ಇದು ಇಲ್ಲದಿದ್ರೆ ತಂತಿ ಮುಟ್ಟಿದಾಗ್ಲೂ ಬಿಟ್ಟಾಗ್ಲೂ ಕರೆಂಟಿನ ಗುಂಯ್‌ಗುಡೋ ಸದ್ದು ಹೋಗಲ್ಲ. ಕುಳಿಗಳ ಒಳಗೆ ತಾಮ್ರದ ಟೇಪ್ ಅಂಟಿಸಿ ಅದನ್ನೂ ಅರ್ತ್‌ಗೆ ಸೇರಿಸಿದ್ರೆ ಇನ್ನೂ ಒಳ್ಳೇದು. ಪಾಟ್‌ನ ಬೆನ್ನಿಗೆ ಬೆಸುಗೆ ಹಾಕುವಾಗ ಮೊದ್ಲು ಅರದಲ್ಲಿ ಕೆರೆದು ಒರಟು ಮಾಡ್ಕೊಳ್ಳಿ, ಇಲ್ಲಾಂದ್ರೆ ಸೀಸ ಹಿಡಿಯಲ್ಲ.

ತಂತಿ ಹಾಕಿದ ಮೇಲಿನ ಸೆಟ್ಟಿಂಗು. ಮೊದಲ ಫ್ರೆಟ್ಟಲ್ಲಿ ಕ್ಯಾಪೋ (ಎಲ್ಲ ತಂತಿ ಒಟ್ಟಿಗೆ ಒತ್ತಿ ಹಿಡಿಯೋ ಕ್ಲಿಪ್) ಹಾಕಿ, ಕೊನೇ ಫ್ರೆಟ್ ಒತ್ತಿ ಹಿಡಿದು, ಏಳೆಂಟನೇ ಫ್ರೆಟ್ ಹತ್ರ ತಂತಿಗೂ ಫ್ರೆಟ್‌ಗೂ ನಡುವೆ 0.25 ಎಂಎಂ ಸಂದು ಇರೋ ಹಂಗೆ ಟ್ರಸ್ ರಾಡ್ ತಿರುಗ್ಸಿ. ಬೈಕ್ ಮೆಕ್ಯಾನಿಕ್‌ಗಳ ಫೀಲರ್ ಗೇಜ್ ಇದಕ್ಕೆ ಹೇಳಿ ಮಾಡಿಸಿದ್ದು. ಆಮೇಲೆ ಹದಿನೇಳನೇ ಫ್ರೆಟ್‌ನಲ್ಲಿ ತಂತಿ 1.6 ಎಂಎಂ ಎತ್ತರ, ಆಮೇಲೆ ಟ್ಯೂನರ್ ಹಾಕಿ ಹನ್ನೆರಡನೇ ಫ್ರೆಟ್ ಒತ್ತಿದ ಸ್ವರವೂ ಅದೇ ಜಾಗದ ಹಾರ್ಮೋನಿಕ್ಕೂ (ಒತ್ತದೆ ಬರೀ ತಾಗಿಸಿದಾಗ ಬರೋ ಸ್ವರ) ಒಂದೇ ಬರೋ ತನಕ ಸ್ಯಾಡಲ್ ಹಿಂದೆ ಮುಂದೆ. ಈ ಕ್ರಮ ತಪ್ಪಿಸ್ಬೇಡಿ, ಒಂದು ಬದಲಾದ್ರೆ ಮುಂದಿಂದು ಬದಲಾಗತ್ತೆ. ಫ್ರೆಟ್ ಕೆಲಸ ಸರಿ ಮಾಡಿದ್ರೆ ಈ ಅಳತೆಗಳು ಒಂದೇ ಕೂರಿಕೆಯಲ್ಲಿ ಸಿಗತ್ತೆ, ಎಲ್ಲೂ ಝೇಂಕಾರ ಇಲ್ಲ, ನನ್ನದು ಹಂಗೇ ಸಿಕ್ತು. ಗಿಟಾರ್ ಕಲಿಸೋ ಗೆಳೆಯನೊಬ್ಬ ನುಡಿಸಿ ನೋಡಿ ಇದರ ನೆಕ್ ತನ್ನ ಗಿಟಾರ್‌ಗಿಂತ ಸಲೀಸು ಅಂದ, ಆ ಮಾತು ಕೇಳಿ ನನಗೆ ಎಷ್ಟೋ ದಿನ ಸಂತೋಷ.

ಮಾರ್ಕ್ಸ್ ಕೊಡೋದಾದ್ರೆ ಬಾಡಿಗೆ ಹತ್ತಕ್ಕೆ ಎಂಟು, ನೆಕ್‌ನ ಮರಕ್ಕೆ ಒಂಬತ್ತು, ಫ್ರೆಟ್‌ಗೆ ನಾಲ್ಕು, ಪಿಕಪ್‌ಗೆ ಏಳು, ಪಾಟು ಸ್ವಿಚ್ಚಿಗೆ ಮೂರು, ಶ್ರುತಿ ಕಿವಿಗಳಿಗೆ ಆರು, ಜೊತೆಗೆ ಬಂದ ತಂತಿಗಳನ್ನ ನೇರ ಎಸೆದು ಬೇರೆ ಹಾಕಿ. ಸೂಚನೆ ಹಾಳೆ ಅಂತ ಒಂದು ಕಾಗದ ಬಂದಿತ್ತು, ಚಿತ್ರ ಮಸುಕು, ವೈರಿಂಗ್ ನಕ್ಷೆ ಬೇರೆ ಗಿಟಾರಿಂದು, ಅದನ್ನ ನಂಬ್ಕೊಂಡು ಬೆಸುಗೆ ಹಾಕ್ಬೇಡಿ.

ಇನ್ನು ಮರದ ಬಗ್ಗೆ ತುಂಬ ಜನ ಕೇಳ್ತಾರೆ, ನಮ್ಮಲ್ಲೇ ಒಳ್ಳೆ ಮರ ಇರುವಾಗ ಬಾಸ್‌ವುಡ್ ಯಾಕೆ ಅಂತ. ನಿಜ, ಪ್ರಪಂಚದ ಎಷ್ಟೋ ಒಳ್ಳೆ ಗಿಟಾರ್‌ಗಳ ಫ್ರೆಟ್‌ಬೋರ್ಡ್ ನಮ್ಮ ಪಶ್ಚಿಮ ಘಟ್ಟದ ಬೀಟೆ, ಅಮೆರಿಕದ ಮಾರ್ಟಿನ್ ಗಿಟಾರ್ ಕಂಪನಿ 1969ರಲ್ಲಿ ಗಿಟಾರ್‌ನ ಬೆನ್ನು, ಪಕ್ಕಗಳಿಗೆ ಬ್ರೆಜಿಲ್ ಬೀಟೆ ಬಿಟ್ಟು ಇದಕ್ಕೇ ಬಂದಿದ್ದು. ಆದ್ರೆ 2017ರ ಜನವರಿಯಿಂದ ಬೀಟೆಯ ಇಡೀ ಕುಲವನ್ನ ಸೈಟಿಸ್ ಅನ್ನೋ (ಅಪಾಯದಲ್ಲಿರೋ ಗಿಡ ಪ್ರಾಣಿಗಳ ವ್ಯಾಪಾರ ನಿಯಂತ್ರಿಸೋ) ಅಂತರರಾಷ್ಟ್ರೀಯ ಒಪ್ಪಂದದ ಎರಡನೇ ಪಟ್ಟಿಗೆ ಸೇರಿಸಿದ್ರು, ದೇಶ ದಾಟಿಸೋಕೆ ಕಾಗದಪತ್ರ ಬೇಕಾಯ್ತು, 2019ರಲ್ಲಿ ತಯಾರಾದ ವಾದ್ಯಗಳಿಗೆ ವಿನಾಯಿತಿ ಸಿಕ್ಕಿದ್ದು. ಬಿಡಿ ಮರಕ್ಕೆ ನಿಯಮ ಹಂಗೇ ಇದೆ. ನಮ್ಮ ರಾಜ್ಯದಲ್ಲಿ ಸ್ವಂತ ತೋಟದ ಬೀಟೆ ಕಡಿಯೋಕೂ ಅರಣ್ಯ ಇಲಾಖೆ ಅನುಮತಿ ಬೇಕು, ಹಂಗಾಗಿ ಯಾರೋ ಕೊಡ್ತಾರೆ ಅಂತ ಬಿಲ್ ಇಲ್ಲದ ತುಂಡು ತಗೋಬೇಡಿ. ಹಳೇ ಮನೆ ಕಿತ್ತಾಗ ಬರೋ ಪೀಠೋಪಕರಣದ ತುಂಡು ಸಿಕ್ರೆ ಅದೃಷ್ಟ, ಒಂದು ಫ್ರೆಟ್‌ಬೋರ್ಡಿಗೆ ಬೇಕಾಗೋದು 6 ಎಂಎಂ ದಪ್ಪದ ಪಟ್ಟಿ ಅಷ್ಟೇ. ಅದನ್ನ ಉಜ್ಜುವಾಗ ಮಾಸ್ಕ್ ಹಾಕ್ಕೊಳ್ಳಿ, ಬೀಟೆ ಪುಡಿ ಕೆಲವರಿಗೆ ಚರ್ಮಕ್ಕೂ ಉಸಿರಿಗೂ ಆಗಲ್ಲ.

ಬಾಡಿಗೆ ತೇಗ ಹಾಕ್ತೀನಿ ಅನ್ನೋರು ತೂಕ ಲೆಕ್ಕ ಹಾಕಿ. ಬಾಸ್‌ವುಡ್ ಒಂದು ಘನ ಮೀಟರ್‌ಗೆ 415 ಕೆಜಿ ಆಸುಪಾಸು, ತೇಗ 650ರ ಆಸುಪಾಸು, ಅದೇ ಬಾಡಿ ಒಂದೂವರೆ ಪಟ್ಟು ಭಾರ ಆಗತ್ತೆ, ನಿಂತು ನುಡಿಸೋ ಭುಜಕ್ಕೆ ಗೊತ್ತಾಗತ್ತೆ. ಹಲಸು ನನಗೆ ಇಷ್ಟ, ವೀಣೆ ಮೃದಂಗಕ್ಕೆ ಇರೋ ಮರ, ಬಣ್ಣ ವರ್ಷ ಕಳೆದಂಗೆ ಹಳದಿಯಿಂದ ಕೆಂಪು ಕಂದಿಗೆ ತಿರುಗತ್ತೆ. ಕಾಫಿ ತೋಟದ ಸಿಲ್ವರ್ ಓಕ್ ಬಗ್ಗೆ ಯಾರೂ ಯೋಚನೆ ಮಾಡಲ್ಲ, ಚಿಕ್ಕಮಗಳೂರು ಕೊಡಗು ಕಡೆ ನೆರಳಿಗೆ, ಮೆಣಸಿನ ಬಳ್ಳಿಗೆ ಅಂತ ಬೆಳೆಸಿರೋದು, ಸರಿಯಾದ ದಿಕ್ಕಿಗೆ ಕೊಯ್ಸಿದ್ರೆ ಮೈಮೇಲೆ ಮೀನಿನ ಪೊರೆಯಂಥ ಚಿತ್ತಾರ ಬರತ್ತೆ. ಯಾವ ಮರ ಆದ್ರೂ ಒಣಗಿರ್ಬೇಕು, ಗಾಳಿಗೆ ಒಣಗಿಸೋಕೆ ಇಂಚಿಗೆ ಒಂದು ವರ್ಷ ಅನ್ನೋದು ಬಡಗಿಗಳ ಲೆಕ್ಕ, 45 ಎಂಎಂ ಹಲಗೆಗೆ ಎರಡು ವರ್ಷ ಹತ್ರ. ಮುಂದಿನ ಗಿಟಾರ್‌ಗೆ ಅಂತ ಹಲಸಿನ ಹಲಗೆ ಎರಡೂ ಕೊನೆಗೆ ಫೆವಿಕಾಲ್ ಬಳಿದು ಅಟ್ಟದ ಮೇಲೆ ರೀಪರ್ ಕೊಟ್ಟು ಜೋಡಿಸಿಟ್ಟಿದೀನಿ, ನೆಕ್ ಮಾತ್ರ ಬಿಡಿಯಾಗಿ ತರಿಸ್ತೀನಿ.

ಕಿಟ್ ತಗೊಳ್ಳೋಕೆ ಮುಂಚೆ ಮಾರೋರಿಗೆ ಕೇಳ್ಬೇಕಾಗಿರೋದು ಇಷ್ಟು. ನೆಕ್ಕನ್ನ ತುದಿಯಿಂದ ಉದ್ದಕ್ಕೆ ಕಣ್ಣಿಟ್ಟು ನೋಡೋ ಹಂಗೆ ತೆಗೆದ ಫೋಟೋ ಕಳ್ಸಿ ಅನ್ನಿ, ಜಾಹೀರಾತಿನ ಫೋಟೋ ಅಲ್ಲ, ನಿಮಗೆ ಕಳಿಸೋ ಪೀಸಿಂದು. ಟ್ರಸ್ ರಾಡ್ ಎರಡೂ ಕಡೆ ಕೆಲಸ ಮಾಡತ್ತಾ ಒಂದೇ ಕಡೆನಾ ಕೇಳಿ. ನೆಕ್‌ನ ಬುಡದ ಅಗಲ ಎಷ್ಟು ಕೇಳಿ, 56 ಎಂಎಂ ಅಂದ್ರೆ ಮುಂದೆ ಬೇರೆ ನೆಕ್ ಹಾಕೋಕೆ ಸುಲಭ. ಬ್ರಿಜ್‌ಗೆ ಅರ್ತ್ ತೂತು ಇದ್ಯಾ ಕೇಳಿ. ನೆಕ್ ತಿರುಚಿದ್ರೆ ವಾಪಸ್ ತಗೋತೀರಾ ಅಂತ ಬರಹದಲ್ಲಿ ಕೇಳಿ, ಹೂಂ ಅಂದವರ ಹತ್ರ ಮಾತ್ರ ದುಡ್ಡು ಕಟ್ಟಿ.